ಬಿಸಿಲಿನ ಬರಹ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಜ್ಞಾನ ಪ್ರದರ್ಶನದ ಪ್ರಾರಂಭದಂದು ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸ)



ನಮ್ಮ ಆದವಾನಿ ಸೀಮೆಗೆ ದೇವರು ಮಳೆಯನ್ನು ಅಳೆದು ಕೊಟ್ಟಿದ್ದಾನೆ. ಬಿಸಿಲನ್ನು ಮಾತ್ರ ಅಳತೆಯಿಲ್ಲದೆ ಸುರಿದಿದ್ದಾನೆ. ಪ್ರದರ್ಶನಕ್ಕೆ ಯಾವ ವಿಷಯವನ್ನು ಆರಿಸೋಣವೆಂಬ ಪ್ರಶ್ನೆ ಬಂದಾಗ, ಖರ್ಚಿಲ್ಲದೆ ದೊರೆಯುವ ಈ ಸಂಪತ್ತನ್ನೇ ನಾವು ಆರಿಸಿಕೊಂಡೆವು.

ಗ್ರೀಕ್ ನುಡಿಯಲ್ಲಿ ‘ಹೀಲಿಯೋಸ್’ ಎಂದರೆ ಸೂರ್ಯ. ‘ಗ್ರಾಫ್’ ಎಂಬುದು ಬರಹಕ್ಕೆ ಸಂಬಂಧಿಸಿದ ಮಾತು. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1820ರ ದಶಕದಲ್ಲಿ ಬೆಳಕಿನಿಂದ ಚಿತ್ರ ಮೂಡಿಸುವ ವಿದ್ಯೆಯನ್ನು ಸಾಧಿಸಿ ಅದನ್ನು ‘ಹೀಲಿಯೋಗ್ರಫಿ’ ಎಂದು ಕರೆದನು. 1869ರಲ್ಲಿ, ಕರಾಚಿಯಲ್ಲಿ ಪರ್ಷಿಯನ್ ಕೊಲ್ಲಿಯ ತಂತಿ ಇಲಾಖೆಯಲ್ಲಿದ್ದ ಹೆನ್ರಿ ಮ್ಯಾನ್ಸ್ ಕನ್ನಡಿಯಿಂದ ಸುದ್ದಿ ಕಳುಹಿಸುವ ಉಪಕರಣವೊಂದನ್ನು ರಚಿಸಿದನು. ಅದಕ್ಕೆ ‘ಹೀಲಿಯೋಗ್ರಾಫ್’ ಎಂಬ ಹೆಸರು ನಿಂತಿತು. ಹೆಸರು ಒಂದೇ, ಸ್ವಭಾವ ಬೇರೆ. ಕನ್ನಡಿಯ ಬರಹ ಕ್ಷಣಮಾತ್ರದಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಹಾರುತ್ತದೆ, ಆದರೆ ಉಳಿಯುವುದಿಲ್ಲ. ಚಿತ್ರದ ಬರಹ ಇದ್ದಲ್ಲಿಯೇ ಇರುತ್ತದೆ, ಆದರೆ ಅದನ್ನು ಉಳಿಸಿಕೊಳ್ಳುವ ಬಗೆ ತಿಳಿಯಲು ವಿದ್ವಾಂಸರು ಬಹುಕಾಲ ಶ್ರಮಪಡಬೇಕಾಯಿತು.

ಕನ್ನಡಿಯ ಕಥೆ ಭೂಮಾಪನದಿಂದ ಆರಂಭವಾಗುತ್ತದೆ. ನಮ್ಮ ನೆರೆಯ ಗುತ್ತಿಯ ಬಳಿ 1811ರಲ್ಲಿ ವಿಲಿಯಂ ಲ್ಯಾಂಬ್ಟನ್ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗಾಗಿ ಒಂದು ಆಧಾರರೇಖೆಯನ್ನು ಅಳೆದನು. ದೂರದ ಬೆಟ್ಟದ ತುದಿಯನ್ನು ನಿಖರವಾಗಿ ಗುರುತಿಸುವುದೇ ಅಂದಿನ ದೊಡ್ಡ ಕಷ್ಟ. 1821ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಸೂರ್ಯನ ಬೆಳಕನ್ನು ಬೇಕಾದ ದಿಕ್ಕಿಗೆ ತಿರುಗಿಸುವ ‘ಹೀಲಿಯೋಟ್ರೋಪ್’ ಎಂಬ ಕನ್ನಡಿಯನ್ನು ಕಂಡುಹಿಡಿದನು. ಲ್ಯಾಂಬ್ಟನ್ನನ ತರುವಾಯ ಬಂದ ಜಾರ್ಜ್ ಎವರೆಸ್ಟ್ ಅದನ್ನು ನಮ್ಮ ದೇಶದ ಸರ್ವೇಕ್ಷಣೆಯಲ್ಲಿ ಬಳಕೆಗೆ ತಂದನು. ಆದರೆ ಆ ಕನ್ನಡಿ ‘ನಾನಿಲ್ಲಿದ್ದೇನೆ’ ಎಂದಷ್ಟೇ ಹೇಳಬಲ್ಲುದಾಗಿತ್ತು. ಮ್ಯಾನ್ಸನು ಕನ್ನಡಿಯನ್ನು ತುಸುವೇ ಓಲಾಡಿಸುವ ಒಂದು ಕೀಲಿಯನ್ನು ಜೋಡಿಸಿದನು. ಕೀಲಿಯನ್ನು ಒತ್ತಿದಾಗ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ, ಬಿಟ್ಟಾಗ ಮರೆಯಾಗುತ್ತದೆ. ತಂತಿಯ ಮೇಲೆ ಓಡುತ್ತಿದ್ದ ಮೋರ್ಸ್ ಸಂಕೇತ ಹೀಗೆ ತಂತಿಯಿಲ್ಲದೆ ಓಡತೊಡಗಿತು.

ಗುರಿ ಹಿಡಿಯುವ ಉಪಾಯವನ್ನು ಮಕ್ಕಳು ಗಮನಿಸಬೇಕು. ಕನ್ನಡಿಯ ನಟ್ಟನಡುವೆ ಪಾದರಸವಿಲ್ಲದ ಚಿಕ್ಕ ಚುಕ್ಕೆಯೊಂದಿರುತ್ತದೆ. ಅಲ್ಲಿಂದ ಬೆಳಕು ಪ್ರತಿಫಲಿಸದ ಕಾರಣ, ಚೆಲ್ಲಿದ ಬಿಸಿಲಿನ ನಡುವೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಕನ್ನಡಿಯ ಮುಂದೆ ನೆಟ್ಟ ಕಡ್ಡಿಯ ತುದಿ ಎದುರು ಬೆಟ್ಟದೊಡನೆ ನೇರವಾಗಿರುವಂತೆ ಮೊದಲು ಹೊಂದಿಸಿಕೊಂಡು, ಬಳಿಕ ಆ ಕಪ್ಪು ಚುಕ್ಕೆಯನ್ನು ಕಡ್ಡಿಯ ತುದಿಯಲ್ಲಿ ನಿಲ್ಲಿಸಿದರೆ ಸಾಕು, ಬೆಳಕು ಬೆಟ್ಟವನ್ನು ಮುಟ್ಟುತ್ತದೆ. ಆದರೆ ಸೂರ್ಯ ನಿಲ್ಲುವವನಲ್ಲ. ಎರಡು ನಿಮಿಷಕ್ಕೊಮ್ಮೆ ತನ್ನ ಬಿಂಬದಷ್ಟು ದೂರ ಸರಿಯುತ್ತಾನೆ; ಕನ್ನಡಿಯನ್ನೂ ಬಿಡದೆ ಸರಿಪಡಿಸುತ್ತಿರಬೇಕು.

ಸೂರ್ಯಬಿಂಬ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿಯಷ್ಟು ಅಗಲ. ಕನ್ನಡಿಯಿಂದ ಹೊರಟ ಬೆಳಕೂ ಅಷ್ಟೇ ಹರಡುತ್ತದೆ. ಹತ್ತು ಕಿಲೋಮೀಟರು ದೂರದಲ್ಲಿ ಅದರ ಅಗಲ ಸುಮಾರು 90 ಮೀಟರು. ಆ ವ್ಯಾಪ್ತಿಯ ಹೊರಗಿದ್ದವರಿಗೆ ಏನೂ ಕಾಣದು. ಈ ಗುಟ್ಟಿನ ಗುಣವೇ ಸೈನ್ಯದವರಿಗೆ ಪ್ರಿಯವಾಯಿತು. ಎರಡನೆಯ ಆಫ್ಘನ್ ಯುದ್ಧದಲ್ಲಿ ಇದು ದುಡಿಯಿತು. 1899-1900ರಲ್ಲಿ ದಕ್ಷಿಣ ಆಫ್ರಿಕದ ಲೇಡಿಸ್ಮಿತ್ ಮುತ್ತಿಗೆಗೆ ಸಿಲುಕಿದಾಗ ಒಳಗಿನವರು ಹೊರಗಿನ ಸೈನ್ಯದೊಡನೆ ಮಾತನಾಡಿದ್ದೂ ಇದರಿಂದಲೇ. 1894ರಲ್ಲಿ ಅಮೆರಿಕದ ಸೈನಿಕರು ಎಂಟು ಅಂಗುಲದ ಕನ್ನಡಿಗಳಿಂದ 183 ಮೈಲಿ ದೂರದ ಎರಡು ಶಿಖರಗಳ ನಡುವೆ ಸುದ್ದಿ ಸಾಗಿಸಿದರು. ಇಷ್ಟು ನಿರ್ಮಲವಾದ ಉಪಕರಣಕ್ಕೆ ರಣರಂಗದಲ್ಲಿಯೇ ಹೆಚ್ಚು ಕೆಲಸ ದೊರೆತುದು ನಮಗೆ ಖೇದದ ಸಂಗತಿ.

ಇನ್ನು ಚಿತ್ರದ ಮಾತು. ಬೆಳ್ಳಿಯ ಲವಣಗಳು ಬಿಸಿಲಿಗೆ ಕಪ್ಪಾಗುವುದು ಮೊದಲೇ ತಿಳಿದಿತ್ತು. 1802ರಲ್ಲಿ ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಹಾಗೂ ಹಂಫ್ರಿ ಡೇವಿ ಈ ಬಗೆಯಲ್ಲಿ ನೆರಳಚ್ಚುಗಳನ್ನು ಮೂಡಿಸಿದ್ದನ್ನು ಪ್ರಕಟಿಸಿದರು. ಆದರೆ ನೋಡಲೆಂದು ಬೆಳಕಿಗೆ ತಂದರೆ ಉಳಿದ ಭಾಗವೂ ಕಪ್ಪಾಗಿ ಚಿತ್ರವೇ ಅಳಿಯುತ್ತಿತ್ತು. ಯಾವ ಬೆಳಕು ಬರೆಯಿತೋ ಅದೇ ಬೆಳಕು ಅಳಿಸಿತು. ನಿಯೆಪ್ಸ್ ಬೇರೆ ದಾರಿ ಹಿಡಿದನು. ತವರದ ಮಿಶ್ರಲೋಹದ ತಗಡಿಗೆ ಒಂದು ಬಗೆಯ ಕಲ್ಲರಗನ್ನು ಸವರಿ, 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯ ಹೊರನೋಟವನ್ನು ಅದರ ಮೇಲೆ ಬೀಳಿಸಿದನು. ಬಿಸಿಲು ತಾಗಿದ ಅರಗು ಗಟ್ಟಿಯಾಯಿತು. ಉಳಿದುದನ್ನು ಲ್ಯಾವೆಂಡರ್ ಎಣ್ಣೆಯಿಂದ ತೊಳೆದನು. ಇದಕ್ಕೆ ಕನಿಷ್ಠ ಎಂಟು ಗಂಟೆ ಹಿಡಿಯಿತೆನ್ನುತ್ತಾರೆ. ಅಷ್ಟರಲ್ಲಿ ಸೂರ್ಯ ಆಕಾಶವನ್ನು ದಾಟಿದ್ದನಾದ್ದರಿಂದ ಆ ಚಿತ್ರದಲ್ಲಿ ಎರಡು ಬದಿಯ ಗೋಡೆಗಳ ಮೇಲೂ ಬಿಸಿಲು ಬಿದ್ದಿದೆ! ಬೆಳ್ಳಿಯ ಚಿತ್ರವನ್ನು ಉಳಿಸಿಕೊಟ್ಟವನು ಜಾನ್ ಹರ್ಷೆಲ್. ‘ಹೈಪೊ’ ಎಂಬ ಲವಣವು ಬೆಳ್ಳಿಯ ಲವಣಗಳನ್ನು ಕರಗಿಸುವುದೆಂದು ಅವನು 1819ರಲ್ಲಿಯೇ ಕಂಡಿದ್ದನು. ಇಪ್ಪತ್ತು ವರ್ಷಗಳ ಬಳಿಕ ಅದು ಛಾಯಾಗ್ರಹಣದ ಕೈಗೆ ಬಂದಿತು.

‘ಛಾಯಾಗ್ರಹಣ’! ಪಾಶ್ಚಾತ್ಯರು ಇದನ್ನು ಬೆಳಕಿನ ಬರಹವೆಂದರೆ ನಾವು ನೆರಳನ್ನು ಹಿಡಿಯುವುದೆಂದೆವು. ಪುರಾಣದಲ್ಲಿ ಛಾಯಾದೇವಿ ಸೂರ್ಯನ ಮಡದಿ. ಹಿಡಿದುದು ಯಾರನ್ನಾದರೂ ಮನೆತನ ಒಂದೇ.

ಈ ವಿದ್ಯೆ ನಮ್ಮ ಸೀಮೆಗೂ ಬೇಗನೆ ಬಂದಿತು. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ಹಂಪೆಯಲ್ಲಿ ಮೇಣ ಹಾಯಿಸಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಗಳನ್ನು ತೆಗೆದನು. ಅಂತಹ ಕಾಗದಕ್ಕೆ ಹಲವು ನಿಮಿಷಗಳ ಬಿಸಿಲು ಬೇಕು. ನಡೆದುಹೋದ ಮನುಷ್ಯನ ಗುರುತು ಅದರಲ್ಲಿ ನಿಲ್ಲದು, ಕಲ್ಲಿನ ಗುರುತು ನಿಲ್ಲುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಎಡೆಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದುದರಿಂದ, ಈ ನಡುವೆ ಏನು ಬಿದ್ದಿತು, ಏನು ಉಳಿಯಿತು ಎಂಬುದನ್ನು ಎದುರುಬದುರಾಗಿ ನೋಡಬಹುದಾಗಿದೆ.

ಈಗ ನಮ್ಮ ಮನೆಯ ಮಾತೊಂದನ್ನು ಆಡಬೇಕಾಗಿದೆ. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಇಲ್ಲಿ ಕಚೇರಿಯ ನುಡಿ ತೆಲುಗು. ತೆಲುಗು ನಮಗೆ ಪರಕೀಯವಲ್ಲ, ನೆರೆಮನೆಯ ಅಕ್ಕನಂತೆ. ಆದರೆ ಪ್ರತಿ ಜೂನ್ ತಿಂಗಳಲ್ಲಿ ತಂದೆತಾಯಿಗಳು ನಮ್ಮೆದುರು ಕುಳಿತು, “ಮೇಡಂ, ಕನ್ನಡದಾಗ ಓದಿದ್ರ ಸೈನ್ಸ್ ಹೆಂಗ ಬರ್ತದ್ರಿ?” ಎಂದು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಮಗುವಿನ ಹೊಟ್ಟೆಪಾಡಿನ ಚಿಂತೆ ಅದು. ಉತ್ತರವನ್ನು ಭಾಷಣದಲ್ಲಿ ಕೊಟ್ಟರೆ ಅವರಿಗೆ ಸಾಲದು, ನಮಗೂ ಸಾಲದು.

ಒಂಬತ್ತನೆಯ ತರಗತಿಯ ಮಕ್ಕಳು ಕನ್ನಡಿಯ ಸಂಕೇತಕ್ಕೆ ಮೋರ್ಸ್ ಪಟ್ಟಿಯನ್ನು ಬಾಯಿಪಾಠ ಮಾಡತೊಡಗಿದ್ದರು. ಅದು ರೋಮನ್ ಲಿಪಿಗೆ ಹೊಂದುವಂಥದು. ಕನ್ನಡದ ಮಾತನ್ನು ಅದರಲ್ಲಿ ಕಳುಹಿಸಿದರೆ ‘ಲ’ ಯಾವುದು, ‘ಳ’ ಯಾವುದು ತಿಳಿಯದು. ಆಗ ಒಬ್ಬ ಹುಡುಗಿ ಕೇಳಿದಳು: ವರ್ಗೀಯ ವ್ಯಂಜನಗಳು ಹೇಗೂ ಐದೈದರ ಐದು ಸಾಲುಗಳಲ್ಲಿವೆಯಲ್ಲ, ಸಾಲಿನ ಸಂಖ್ಯೆಯನ್ನೂ ಸ್ಥಾನದ ಸಂಖ್ಯೆಯನ್ನೂ ಮಿಂಚಿಸಿದರೆ ಆಗದೇ? ಆಗುತ್ತದೆ. ‘ಕ’ ಎಂದರೆ ಒಂದು, ಒಂದು. ‘ಮ’ ಎಂದರೆ ಐದು, ಐದು. ಅವರ್ಗೀಯಗಳಿಗೆ ಆರು ಮತ್ತು ಏಳನೆಯ ಸಾಲು. ‘ಲ’ ಆರನೆಯದರಲ್ಲಿ ಮೂರನೆಯದು. ‘ಕಮಲ’ ಎಂಬ ಮಾತಿಗೆ ಒಟ್ಟು 21 ಮಿಂಚುಗಳು. ಕಾಗುಣಿತಕ್ಕೆ ಸ್ವರದ ಸಂಖ್ಯೆ ಮೂರನೆಯದಾಗಿ ಬರುತ್ತದೆ. ‘ಅ’ಕಾರಕ್ಕೆ ಏನೂ ಬೇಡ. ಒತ್ತಕ್ಷರಕ್ಕಾಗಿ ಎರಡು ದಿನ ಜಗಳವಾಡಿ, ಕೊನೆಗೆ ನಡುವೆ ಒಂದು ದೀರ್ಘ ಮಿಂಚೆಂದು ತೀರ್ಮಾನಿಸಿದರು. ಮೋರ್ಸ್‌ಗಿಂತ ಇದು ನಿಧಾನ, ನಿಜ. ಆದರೆ ವರ್ಣಮಾಲೆ ಬಲ್ಲ ಯಾರಿಗೂ ಹೊಸ ಪಟ್ಟಿಯ ಬಾಯಿಪಾಠ ಬೇಕಿಲ್ಲ. ನಮ್ಮ ಅಕ್ಷರಗಳು ಗಂಟಲಿನಿಂದ ತುಟಿಯವರೆಗೆ ಉಚ್ಚಾರದ ಸ್ಥಾನಕ್ಕನುಗುಣವಾಗಿ ಜೋಡಿಸಲ್ಪಟ್ಟಿವೆಯೆಂಬುದನ್ನು ನಾವು ವರ್ಷವರ್ಷವೂ ಪಾಠ ಮಾಡಿದ್ದೇವೆ. ಆ ಜೋಡಣೆಯಿಂದ ಕೆಲಸ ತೆಗೆದವಳು ಈ ಹುಡುಗಿ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಕೋಟೆಬೆಟ್ಟದ ಮೇಲಿನಿಂದ ಐವರು ಮಕ್ಕಳು ಒಂದು ವಾಕ್ಯವನ್ನು ಕಳುಹಿಸುವರು. ಅದು ಯಾವುದೆಂದು ಅವರು ನಮಗೂ ತಿಳಿಸಿಲ್ಲ. ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದೆ. ಬೆಳಕು ಬೀಳುವುದು ಅದರೊಳಗೆ ಮಾತ್ರವಾದ್ದರಿಂದ ಓದಬಯಸುವವರು ಅಲ್ಲಿಯೇ ನಿಲ್ಲಬೇಕು. ಅಕ್ಷರಪಟ್ಟಿ ಮತ್ತು ಪೆನ್ಸಿಲ್ ಬಾಗಿಲ ಬಳಿ ದೊರೆಯುತ್ತವೆ. ಮೋಡ ಕವಿದರೆ ಹನ್ನೊಂದರವರೆಗೆ ಕಾಯೋಣ.