ನಾಯಿಯ ಮಂಡಿ ಎಲ್ಲಿದೆ?

ಮಕ್ಕಳೇ, ನಾಯಿಯ ಮಂಡಿ ತೋರಿಸಿ ಎಂದರೆ ನಿಮ್ಮಲ್ಲಿ ಹೆಚ್ಚಿನವರ ಬೆರಳು ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿಕೊಂಡಿರುವ ಚೂಪು ಗೆಣ್ಣಿನ ಕಡೆಗೇ ಹೋಗುತ್ತದೆ. ಅದನ್ನು ನೋಡಿಯೇ ‘ನಾಯಿಯ ಮಂಡಿ ಹಿಂದುಮುಂದಾಗಿ ಮಡಚುತ್ತದೆ’ ಎನ್ನುವವರೂ ಇದ್ದಾರೆ. ಆದರೆ ಆ ಗೆಣ್ಣು ಮಂಡಿಯಲ್ಲ, ಹಿಮ್ಮಡಿ. ನಾಯಿ ನಮ್ಮಂತೆ ಇಡೀ ಅಂಗಾಲು ಊರದೆ ಬೆರಳುಗಳ ಮೇಲೆ ನಡೆಯುತ್ತದೆ. ಅದಕ್ಕೇ ಅದರ ಹಿಮ್ಮಡಿ ನೆಲದಿಂದ ಅಷ್ಟು ಮೇಲಿದೆ. ಮುಂಗಾಲಿನಲ್ಲಿ ಮಂಡಿಯಂತೆ ಕಾಣುವುದು ಅದರ ಮಣಿಕಟ್ಟು. ನಿಜವಾದ ಮಂಡಿ ಇರುವುದು ಹಿಂಗಾಲುಗಳಲ್ಲಿ ಮಾತ್ರ, ಇನ್ನೂ ಮೇಲೆ, ಹೊಟ್ಟೆಯ ಅಂಚಿಗೆ ಹತ್ತಿರ. ಅದು ನಮ್ಮ ಮಂಡಿಯಂತೆಯೇ ಮುಂದಕ್ಕೆ ಮುಖಮಾಡಿದೆ.

ಉದ್ದ ಕೂದಲಿನ ಪಾಮೆರೇನಿಯನ್ ನಾಯಿಯಲ್ಲಿ ಇದನ್ನು ಗುರುತಿಸುವುದು ಕಷ್ಟ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಪಕ್ಕದಿಂದ ನೋಡಿ. ತೆಳು ಮೈ, ಗಿಡ್ಡ ಕೂದಲು, ಎದ್ದು ಕಾಣುವ ಸ್ನಾಯುಗಳು. ಓಡುವಾಗ ತೊಡೆ ಎಲ್ಲಿ ಮುಗಿಯಿತು, ಮಂಡಿ ಎಲ್ಲಿ ಮಡಚಿತು ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ಈ ಕೀಲಿನಲ್ಲಿ ಮೇಲಿನಿಂದ ಬರುವುದು ತೊಡೆಮೂಳೆ. ಕೆಳಗಿರುವುದು ಟಿಬಿಯಾ ಎಂಬ ದಪ್ಪ ಮೂಳೆ, ಅದರ ಪಕ್ಕಕ್ಕೆ ಫಿಬುಲಾ ಎಂಬ ಸಣ್ಣ ಕಡ್ಡಿಯಂಥ ಮೂಳೆ. ಮುಂಭಾಗದಲ್ಲಿ ಮಂಡಿಚಿಪ್ಪು. ನನಗೆ ತುಂಬ ಇಷ್ಟವಾದ ಭಾಗ ಇದೇ. ತೊಡೆಯ ಮುಂದಿನ ದೊಡ್ಡ ಸ್ನಾಯುವಿನಿಂದ ಒಂದು ಗಟ್ಟಿ ಪಟ್ಟಿ ಹೊರಟು, ಮಂಡಿಯನ್ನು ದಾಟಿ, ಟಿಬಿಯಾದ ಮುಂಬದಿಯಲ್ಲಿ ಉಬ್ಬಿರುವ ಜಾಗಕ್ಕೆ ಅಂಟಿಕೊಳ್ಳುತ್ತದೆ. ಮಂಡಿಚಿಪ್ಪು ಬೆಳೆದಿರುವುದು ಈ ಪಟ್ಟಿಯ ಒಳಗೇ! ತೊಡೆಮೂಳೆಯ ತುದಿಯಲ್ಲಿ ನುಣುಪಾದ ಒಂದು ಕಾಲುವೆ ಇದೆ. ಬಾವಿಯ ರಾಟೆಯ ತೋಡಿನಲ್ಲಿ ಹಗ್ಗ ಜಾರುವಂತೆ, ಮಂಡಿ ಮಡಚಿದಾಗ, ಚಾಚಿದಾಗ ಚಿಪ್ಪು ಈ ಕಾಲುವೆಯಲ್ಲಿ ಮೇಲಕ್ಕೆ ಕೆಳಕ್ಕೆ ಜಾರುತ್ತದೆ. ಕಾಲುವೆಯ ಎರಡೂ ಬದಿಯ ದಿಂಡುಗಳು ಅದು ಪಕ್ಕಕ್ಕೆ ಸರಿಯದಂತೆ ತಡೆಯುತ್ತವೆ. ಸ್ನಾಯು ಎಳೆದ ಬಲವೆಲ್ಲ ಕಾಲು ಚಾಚುವ ಕೆಲಸಕ್ಕೆ ಚೆನ್ನಾಗಿ ಒದಗುವುದು ಈ ಏರ್ಪಾಡಿನಿಂದಲೇ. ನಾಯಿಯ ಮಂಡಿಯ ಹಿಂಬದಿಯಲ್ಲಿ ಇಂಥವೇ ಇನ್ನೂ ಮೂರು ಪುಟ್ಟ ಮೂಳೆಗಳು ಸ್ನಾಯುಗಳ ತುದಿಯಲ್ಲಿ ಅಡಗಿವೆ.

ತೊಡೆಮೂಳೆಯ ಕೆಳತುದಿ ಎರಡು ಗುಂಡುಗಳಂತಿದೆ. ಟಿಬಿಯಾದ ತಲೆ ಹೆಚ್ಚುಕಡಿಮೆ ಚಪ್ಪಟೆ. ಗುಂಡನೆಯದು ಚಪ್ಪಟೆಯ ಮೇಲೆ ಸರಿಯಾಗಿ ಕೂರುವುದಿಲ್ಲ ಅಲ್ಲವೇ? ಅದಕ್ಕಾಗಿ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಅವುಗಳ ಹೆಸರು ಮೆನಿಸ್ಕಸ್. ಅಂಚಿನಲ್ಲಿ ದಪ್ಪ, ಒಳಗೆ ತೆಳು. ಅವು ಭಾರವನ್ನು ಹರಡಿ, ಮೂಳೆಯ ಒಂದೇ ಜಾಗಕ್ಕೆ ಏಟು ಬೀಳದಂತೆ ಕಾಯುತ್ತವೆ. ಮೂಳೆಗಳ ತುದಿಗೆ ಹೊಳೆಯುವ ಮೃದ್ವಸ್ಥಿಯ ಹೊದಿಕೆಯಿದೆ. ಈ ಹೊದಿಕೆಗೆ ರಕ್ತನಾಳಗಳೇ ಇಲ್ಲ! ಅದರ ಊಟ ಬರುವುದು ಮುಖ್ಯವಾಗಿ ಕೀಲಿನೊಳಗಿನ ಲೋಳೆಯಂಥ ದ್ರವದಿಂದ. ನಾಯಿ ನಡೆದಾಡಿದಂತೆಲ್ಲ ಮೃದ್ವಸ್ಥಿ ಒತ್ತಿ ಸಡಿಲಗೊಂಡು, ಆ ದ್ರವ ಒಳಗೆ ಹೊರಗೆ ಹರಿದಾಡುತ್ತದೆ.

ಈಗ ಒಂದು ಪ್ರಯೋಗ. ಎದ್ದು ನಿಂತು ತುದಿಗಾಲಲ್ಲಿ ಹಿಮ್ಮಡಿ ಎತ್ತಿ, ಮಂಡಿಯನ್ನು ಸ್ವಲ್ಪ ಬಗ್ಗಿಸಿ ಹಾಗೇ ಇರಿ. ಗೋಡೆ ಹಿಡಿದುಕೊಂಡರೂ ಪರವಾಗಿಲ್ಲ. ಸ್ವಲ್ಪ ಹೊತ್ತಿನಲ್ಲೇ ತೊಡೆ ನಡುಗುತ್ತದೆ. ನಾಯಿ ದಿನವಿಡೀ ನಿಲ್ಲುವುದು ಹೀಗೆಯೇ. ನಾವು ನೆಟ್ಟಗೆ ನಿಂತಾಗ ತೊಡೆಮೂಳೆ ಮತ್ತು ಟಿಬಿಯಾ ಒಂದೇ ಗೆರೆಯಲ್ಲಿರುತ್ತವೆ, ಅಂದರೆ 180 ಡಿಗ್ರಿ. ನಾಯಿ ನಿಂತಾಗ ಈ ಕೋನ ಸುಮಾರು 135 ಡಿಗ್ರಿ. ಪೂರ್ತಿ ಚಾಚಿದರೂ ಸುಮಾರು 160, ಪೂರ್ತಿ ಮಡಚಿದರೆ 40ರ ಆಸುಪಾಸು. ಕುದುರೆಯಾದರೋ ತನ್ನ ಮಂಡಿಚಿಪ್ಪನ್ನು ಮೂಳೆಯ ದಿಂಡಿಗೆ ಸಿಕ್ಕಿಸಿಕೊಂಡು ನಿಂತಲ್ಲೇ ತೂಕಡಿಸಬಲ್ಲದು. ನಾಯಿಗೆ ಆ ಅನುಕೂಲವಿಲ್ಲ. ಗಾಢ ನಿದ್ದೆ ಬೇಕಾದರೆ ಮಲಗಲೇಬೇಕು.

ಬಗ್ಗಿದ ಮಂಡಿಗೆ ಇನ್ನೊಂದು ತೊಂದರೆಯೂ ಇದೆ. ಟಿಬಿಯಾದ ತಲೆ ಹಿಂದಕ್ಕೆ ಇಳಿಜಾರಾಗಿದೆ. ಎಷ್ಟೋ ನಾಯಿಗಳಲ್ಲಿ 20 ಡಿಗ್ರಿಗೂ ಹೆಚ್ಚು. ಮೈಭಾರ ಬಿದ್ದಾಗ ತೊಡೆಮೂಳೆ ಆ ಇಳಿಜಾರಿನಲ್ಲಿ ಹಿಂದಕ್ಕೆ ಜಾರಲು, ಟಿಬಿಯಾ ಮುಂದಕ್ಕೆ ನುಗ್ಗಲು ನೋಡುತ್ತವೆ. ತಡೆಯುವವರು ಯಾರು? ಕೀಲಿನ ನಟ್ಟನಡುವೆ ಒಂದನ್ನೊಂದು ಅಡ್ಡ ಹಾಯ್ದಿರುವ ಎರಡು ಅಸ್ಥಿರಜ್ಜುಗಳಿವೆ. ಅವುಗಳಲ್ಲಿ ಮುಂದಿನದು ಟಿಬಿಯಾವನ್ನು ಮುಂದಕ್ಕೆ ಹೋಗಗೊಡುವುದಿಲ್ಲ, ಹಿಂದಿನದು ಹಿಂದಕ್ಕೆ ಹೋಗಗೊಡುವುದಿಲ್ಲ. ಪಾದ ಒಳಕ್ಕೆ ತಿರುಗಿದಾಗ ಎರಡೂ ಹೊಸೆದುಕೊಂಡು ತಿರುಚನ್ನು ಅಲ್ಲಿಗೇ ನಿಲ್ಲಿಸುತ್ತವೆ. ಮಂಡಿಯ ಎಡ, ಬಲ ಬದಿಗಳಲ್ಲಿರುವ ಇನ್ನೆರಡು ರಜ್ಜುಗಳು ಕಾಲು ಅಕ್ಕಪಕ್ಕಕ್ಕೆ ವಾಲದಂತೆ ಹಿಡಿದಿವೆ. ಇವುಗಳಲ್ಲಿ ಅತಿ ಹೆಚ್ಚು ದುಡಿಯುವುದು ಆ ಮುಂದಿನ ಅಡ್ಡರಜ್ಜು. ನಾಯಿ ಸುಮ್ಮನೆ ನಿಂತಾಗಲೂ ಅದಕ್ಕೆ ಕೆಲಸವಿದೆ. ಮೈತೂಕ ಹೆಚ್ಚಾದಷ್ಟೂ ಅದರ ಮೇಲಿನ ಎಳೆತ ಹೆಚ್ಚುತ್ತದೆ. ಅದಕ್ಕೇ ಪಶುವೈದ್ಯರು ನಾಯಿಯನ್ನು ದಪ್ಪ ಆಗಗೊಡಬೇಡಿ ಎನ್ನುವುದು.

ನಿಮ್ಮ ಮನೆಗೆ ಮರಿ ಬಂದಿದ್ದರೆ ಇದನ್ನೂ ತಿಳಿದಿರಿ. ಹುಟ್ಟಿದ ಮರಿಯ ಮಂಡಿಚಿಪ್ಪು ಇನ್ನೂ ಮೂಳೆಯಾಗಿರುವುದಿಲ್ಲ, ಬರೀ ಮೃದ್ವಸ್ಥಿ. ಎರಡು ತಿಂಗಳಾಗುವ ಹೊತ್ತಿಗೆ ಅದರಲ್ಲಿ ಮೂಳೆ ಮೂಡತೊಡಗುತ್ತದೆ. ತೊಡೆಮೂಳೆ ಉದ್ದವಾಗುವುದು ಹೆಚ್ಚಾಗಿ ಮಂಡಿಯ ಕಡೆಯ ತುದಿಯಲ್ಲೇ. ಅಲ್ಲಿರುವ ಬೆಳವಣಿಗೆಯ ಪದರ ಎಳೆಯದು, ಪೆಟ್ಟು ತಾಳುವುದಿಲ್ಲ. ಅದು ಗಟ್ಟಿಮೂಳೆಯಾಗಲು ಸುಮಾರು ಒಂದು ವರ್ಷ ಬೇಕು, ದೊಡ್ಡ ತಳಿಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ ಮರಿಯನ್ನು ಮಂಚದಿಂದಲೋ ಮೆಟ್ಟಿಲಿನಿಂದಲೋ ಹಾರಿಸಬೇಡಿ, ನುಣುಪಾದ ಟೈಲ್ಸ್ ಮೇಲೆ ಚೆಂಡೆಸೆದು ಓಡಿಸಬೇಡಿ. ಮಣ್ಣಿನ ಅಂಗಳವೋ ಹುಲ್ಲಿನ ಬಯಲೋ ಇದ್ದರೆ ಅಲ್ಲಿ ಅದರೊಂದಿಗೆ ಆಡಿ.