ಸೈನಿಕನ ಬೆನ್ನು, ಗುತ್ತಿಗೆದಾರನ ಜೇಬು



ಇಂದಿನ ಸಿನ್ಸಿನಾಟಿ ನಗರವಿರುವ ಓಹೈಯೋ ನದಿಯ ದಂಡೆಯಲ್ಲಿ 1789ರಲ್ಲಿ ಮರದ ದಿಮ್ಮಿಗಳ ಕೋಟೆಯೊಂದು ಎದ್ದಿತು. ಅದರ ಹೆಸರು ಫೋರ್ಟ್ ವಾಷಿಂಗ್ಟನ್. ಮಯಾಮಿ, ಶಾನೀ, ಡೆಲವೇರ್ ಮೊದಲಾದ ಮೂಲನಿವಾಸಿಗಳ ಒಕ್ಕೂಟ ಎಂದೂ ಮಾನ್ಯ ಮಾಡದ ಒಪ್ಪಂದಗಳ ಬಲದಿಂದ ಅವರ ನೆಲಕ್ಕೆ ಬಂದ ಕೋಟೆ ಅದು. 1791ರಲ್ಲಿ ಜನರಲ್ ಆರ್ಥರ್ ಸೇಂಟ್ ಕ್ಲೇರ್ ಅವರ ಸೈನ್ಯ ಆ ಒಕ್ಕೂಟದ ಮೇಲೆ ದಂಡೆತ್ತಿ ಹೋಗಲು ಸಜ್ಜಾದದ್ದು ಇಲ್ಲಿಯೇ.

ಆ ಸೈನ್ಯದಲ್ಲಿದ್ದವರು ಯಾರು? ಬಹುಪಾಲು ಬಡವರು. 1790ರ ಕಾಯಿದೆಯಂತೆ ಸಾಮಾನ್ಯ ಸೈನಿಕನ ತಿಂಗಳ ಸಂಬಳ 3 ಡಾಲರ್. ಅದರಲ್ಲಿ ಬಟ್ಟೆಗೆಂದು 90 ಸೆಂಟ್, ಔಷಧೋಪಚಾರಕ್ಕೆಂದು 10 ಸೆಂಟ್ ಮುರಿದುಕೊಂಡರೆ ಕೈಗೆ ಬರುತ್ತಿದ್ದದ್ದು 2 ಡಾಲರ್. ಅದೂ ಸಕಾಲಕ್ಕೆ ಬರುತ್ತಿರಲಿಲ್ಲ. ಆರು ತಿಂಗಳ ಕರಾರಿನ ಮೇಲೆ ಸೇರಿದವರಿಗೆ ದೊರೆತ ಡೇರೆ, ಚೀಲ, ಅಡುಗೆ ಪಾತ್ರೆ, ತೋಟಾಪೆಟ್ಟಿಗೆಗಳು ಎಣಿಕೆಯಲ್ಲೂ ಕಡಿಮೆ, ಗುಣದಲ್ಲೂ ಕಳಪೆ. ಹೊರೆಕುದುರೆಗಳಿಗೆಂದು ಫಿಲಡೆಲ್ಫಿಯಾದಿಂದ ಬಂದ ಜೀನುಗಳು ಆ ಕುದುರೆಗಳ ಬೆನ್ನಿಗೆ ಹೊಂದುತ್ತಿರಲಿಲ್ಲ. ಸಾಮಗ್ರಿಗಳ ಹೊಣೆ ಹೊತ್ತಿದ್ದ ಕ್ವಾರ್ಟರ್‌ಮಾಸ್ಟರ್ ಸ್ಯಾಮ್ಯುಯೆಲ್ ಹಾಜ್ಡನ್ ಕೋಟೆ ತಲುಪುವ ಹೊತ್ತಿಗೆ ಸೆಪ್ಟೆಂಬರ್ ಬಂದಿತ್ತು.

ಸರಬರಾಜು ಸಡಿಲವಾಗಿದ್ದರೂ ಶಿಸ್ತು ಮಾತ್ರ ಬಿಗಿಯಾಗಿತ್ತು. ಅಂದಿನ ಸೈನಿಕ ಕಾನೂನು ಒಬ್ಬ ಮನುಷ್ಯನ ಬೆನ್ನ ಮೇಲೆ 100 ಛಡಿಯೇಟುಗಳವರೆಗೆ ಹಾಕಲು ಅನುಮತಿ ನೀಡಿತ್ತು. ಅಕ್ಟೋಬರ್ 23ರಂದು ಫೋರ್ಟ್ ಜೆಫರ್ಸನ್ ಬಳಿಯ ಶಿಬಿರದಲ್ಲಿ ಮೂವರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಇಬ್ಬರ ಅಪರಾಧ ಸೈನ್ಯ ಬಿಟ್ಟು ಓಡಲು ಯತ್ನಿಸಿದ್ದು. ಅದೇ ದಿನಗಳಲ್ಲಿ ಶಿಬಿರದ ಹಿಟ್ಟು ಮುಗಿಯುತ್ತಾ ಬಂದು, ಪಡಿತರವನ್ನು ಕಡಿತಗೊಳಿಸಲಾಗಿತ್ತು.

ಅಕ್ಟೋಬರ್ 31ರಂದು ಮಿಲಿಷಿಯಾದ ಸುಮಾರು 60 ಮಂದಿ ಹೊರಟೇ ಹೋದರು. ಹಿಟ್ಟು ಹೊತ್ತು ಬರುತ್ತಿದ್ದ ಕುದುರೆಗಳ ಸಾಲನ್ನು ಅವರು ದಾರಿಯಲ್ಲಿ ದೋಚಬಹುದೆಂಬ ಭಯದಿಂದ ಸೇಂಟ್ ಕ್ಲೇರ್ ತಮ್ಮ ಅತ್ಯುತ್ತಮ ದಳವಾದ ಮೊದಲ ರೆಜಿಮೆಂಟನ್ನು ಹಿಂದಕ್ಕೆ ಕಳಿಸಿದರು. ಅದು ಮರಳುವ ಮುನ್ನವೇ, ನವೆಂಬರ್ 4ರ ಮುಂಜಾನೆ, ಲಿಟಲ್ ಟರ್ಟಲ್ ಮತ್ತು ಬ್ಲೂ ಜಾಕೆಟ್ ಅವರ ನೇತೃತ್ವದಲ್ಲಿ ಮೂಲನಿವಾಸಿಗಳ ಒಕ್ಕೂಟ ಶಿಬಿರವನ್ನು ಸುತ್ತುವರಿಯಿತು. 600ಕ್ಕೂ ಹೆಚ್ಚು ಸೈನಿಕರು ಸತ್ತರು. ಶಿಬಿರದೊಡನೆ ಬಂದಿದ್ದ ಹೆಂಗಸರು, ಮಕ್ಕಳೂ ಸತ್ತರು. ತಮ್ಮ ನೆಲವನ್ನು ಕಾಯಲು ನಿಂತವರ ಯುದ್ಧಕೌಶಲ ಈ ಗೆಲುವಿನ ಮೊದಲ ಕಾರಣ. ಅದನ್ನು ಮರೆತು ಎಲ್ಲವನ್ನೂ ಹಿಟ್ಟಿನ ಲೆಕ್ಕಕ್ಕೆ ಇಳಿಸುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯ. ಆದರೆ ಆ ಹಿಟ್ಟಿನ ಲೆಕ್ಕವನ್ನೂ ಕೇಳಲೇಬೇಕು.

ಆಹಾರದ ಗುತ್ತಿಗೆ ನ್ಯೂಯಾರ್ಕಿನ ವಿಲಿಯಂ ಡ್ಯೂಯರ್ ಅವರ ಕೈಯಲ್ಲಿತ್ತು. ಕೆಲವೇ ತಿಂಗಳ ಹಿಂದೆ ಖಜಾನೆಯ ಉನ್ನತ ಅಧಿಕಾರಿಯಾಗಿದ್ದವರು ಅವರು. ಯುದ್ಧ ಕಾರ್ಯದರ್ಶಿ ಹೆನ್ರಿ ನಾಕ್ಸ್ ಮೇನ್ ಪ್ರಾಂತ್ಯದ ಭೂವ್ಯವಹಾರದಲ್ಲಿ ಅವರ ಪಾಲುದಾರರು. ಖಜಾನೆಯ ಮುಂಗಡ ಹಣ ಡ್ಯೂಯರ್ ಕೈಸೇರಿತು. ಅವರ ಗಮನ ಮಾತ್ರ ಸಟ್ಟಾ ವ್ಯಾಪಾರದ ಮೇಲಿತ್ತು. 1792ರ ಮಾರ್ಚಿನಲ್ಲಿ ಆ ವ್ಯಾಪಾರ ಕುಸಿದು ಅವರು ಸೆರೆಮನೆ ಸೇರಿದರು. ಆದರೆ ಅವರನ್ನು ಅಲ್ಲಿಗೆ ಕಳಿಸಿದ್ದು ಸಾಲ, ಸೈನಿಕರ ಹಸಿವಲ್ಲ.

ಅದೇ ತಿಂಗಳು ಪ್ರತಿನಿಧಿ ಸಭೆ ತನಿಖಾ ಸಮಿತಿಯೊಂದನ್ನು ನೇಮಿಸಿತು. ಸರ್ಕಾರದ ನಡೆಯನ್ನು ಕುರಿತು ಕಾಂಗ್ರೆಸ್ ನಡೆಸಿದ ಮೊದಲ ತನಿಖೆ ಅದು. ಸಮಿತಿ ಸೇಂಟ್ ಕ್ಲೇರ್ ಅವರನ್ನು ದೋಷಮುಕ್ತಗೊಳಿಸಿ, ಗುತ್ತಿಗೆದಾರ ಹಾಗೂ ಕ್ವಾರ್ಟರ್‌ಮಾಸ್ಟರ್ ಇಲಾಖೆಗಳ ಲೋಪಗಳನ್ನು ಎತ್ತಿ ಹೇಳಿತು. ಆ ವರದಿಯ ಒಂದು ಸಂಗತಿ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಸೈನಿಕರ ಸಂಬಳದ ಹಣ ಫಿಲಡೆಲ್ಫಿಯಾ ಬಿಟ್ಟದ್ದು ಡಿಸೆಂಬರ್ 4ರಂದು, ಯುದ್ಧ ಮುಗಿದು ತಿಂಗಳಾದ ಮೇಲೆ. ಕೋಟೆಗೆ ಬಂದದ್ದು ಜನವರಿ 3ಕ್ಕೆ. ಅಷ್ಟರಲ್ಲಿ ಅವಧಿ ತೀರಿದವರನ್ನು ಸಂಬಳವಿಲ್ಲದೆ, ಸೇವೆಯ ಅವಧಿ ಬರೆದ ಚೀಟಿ ಕೊಟ್ಟು ಕಳಿಸಲಾಗಿತ್ತು. ಒಂದೊಂದು ಚೀಟಿಯ ನಿಜವಾದ ಬಾಕಿ 10ರಿಂದ 25 ಡಾಲರ್. ಅನೇಕರು ಅದನ್ನು ಮಾರಿಕೊಂಡದ್ದು ಒಂದು ಡಾಲರಿಗೆ, ಇಲ್ಲವೇ ಒಂದು ಗ್ಯಾಲನ್ ವಿಸ್ಕಿಗೆ.

ಶಿಸ್ತು ಎಂಬ ಪದವನ್ನು ಅಧಿಕಾರ ಉಚ್ಚರಿಸಿದಾಗಲೆಲ್ಲ ಈ ಚೀಟಿಯನ್ನು ನೆನೆಯಬೇಕು. ಕರಾರು ಮುರಿದ ಸೈನಿಕನಿಗೆ ಗಲ್ಲು ಕಾದಿತ್ತು. ಸೈನಿಕನೊಡನೆ ಕರಾರು ಮುರಿದ ಸರ್ಕಾರಕ್ಕೆ ಯಾವ ಶಿಕ್ಷೆಯೂ ಇರಲಿಲ್ಲ. ಮೂಲನಿವಾಸಿಗಳೊಡನೆಯೂ ಅದೇ ನಡೆಯಿತು. 1795ರ ಗ್ರೀನ್‌ವಿಲ್ ಒಪ್ಪಂದ ಇಂದಿನ ಓಹೈಯೋ ರಾಜ್ಯದ ಹೆಚ್ಚಿನ ಭಾಗವನ್ನು ಅವರಿಂದ ಕಿತ್ತುಕೊಂಡಿತು. ಆ ನೆಲದ ಮೇಲೆ ಇಂದು ಮನೆ ಕಟ್ಟಿರುವ ವಲಸಿಗರು, ಅವರಲ್ಲಿ ಕನ್ನಡಿಗರೂ ಇದ್ದಾರೆ, ಮಕ್ಕಳಿಗೆ ಊರಿನ ಚರಿತ್ರೆ ಹೇಳುವಾಗ ಜನರಲ್‌ಗಳ ಹೆಸರಿನಲ್ಲೇ ನಿಲ್ಲದಿರಲಿ. ನೆಲ ಕಳೆದುಕೊಂಡವರ ಮಾತೂ, ಚೀಟಿ ಮಾರಿಕೊಂಡವನ ಮಾತೂ ಅದರಲ್ಲಿ ಬರಲಿ.