ತೆರೆದಿಟ್ಟ ಪ್ರಯೋಗದ ಪುಸ್ತಕ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸ ಮಾಡುವವನಿಗೆ ಪ್ರಯೋಗಾಲಯದ ಮಾತು ಯಾಕೆ ಎಂದು ನೀವು ಕೇಳಬಹುದು. ನಮ್ಮ ಕೆಲಸದಲ್ಲಿ ಯಾರು, ಯಾವ ದಿನ, ಏನು ಬದಲಿಸಿದರು ಎಂಬುದೆಲ್ಲ ದಾಖಲಾಗುತ್ತದೆ. ತಪ್ಪೂ ದಾಖಲಾಗುತ್ತದೆ. ಅದನ್ನು ನೋಡಿಯೇ ಇನ್ನೊಬ್ಬರು ಸರಿಪಡಿಸುತ್ತಾರೆ.

ರಸಾಯನಶಾಸ್ತ್ರದಲ್ಲೂ ಹೀಗೆ ಮಾಡಿದವರಿದ್ದಾರೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್-ಕ್ಲೋಡ್ ಬ್ರಾಡ್ಲಿ 2006ರಲ್ಲಿ ಇದನ್ನು ‘ತೆರೆದ ನೋಟ್‌ಬುಕ್ ವಿಜ್ಞಾನ’ ಎಂದು ಕರೆದರು. ಅವರ ವಿದ್ಯಾರ್ಥಿಗಳು ಕೆಟ್ಟುಹೋದ ಪ್ರಯೋಗವನ್ನೂ ಎಲ್ಲರಿಗೂ ಕಾಣುವಂತೆ ಬರೆದಿಡುತ್ತಿದ್ದರು. ನಮ್ಮ ದೇಶದಲ್ಲಿ 2008ರಲ್ಲಿ ಸಿಎಸ್‌ಐಆರ್ ಕ್ಷಯರೋಗದ ಔಷಧಿಗಾಗಿ ಇಂಥದೇ ಮುಕ್ತ ಯೋಜನೆ ಆರಂಭಿಸಿತು. ಆ ರೋಗಾಣುವಿನ ಸುಮಾರು 4,000 ಜೀನ್‌ಗಳ ಮಾಹಿತಿ ಕೂಡಿಸಲು ನೂರಾರು ವಿದ್ಯಾರ್ಥಿಗಳು ಕೈಜೋಡಿಸಿದರು.

ಮಕ್ಕಳೇ, ನಿಮ್ಮಂಥ ಶಾಲಾ ಮಕ್ಕಳದೇ ಒಂದು ಸಂಗತಿ ಹೇಳುತ್ತೇನೆ. ಡಾರಾಪ್ರಿಮ್ ಎಂಬ ಗುಳಿಗೆಯ ಬೆಲೆಯನ್ನು 2015ರಲ್ಲಿ ಅಮೆರಿಕದಲ್ಲಿ 13.50 ಡಾಲರ್‌ನಿಂದ 750 ಡಾಲರ್‌ಗೆ ಏರಿಸಿದರು. ಮರುವರ್ಷ ಆಸ್ಟ್ರೇಲಿಯಾದ ಸಿಡ್ನಿ ಗ್ರಾಮರ್ ಶಾಲೆಯ ಹನ್ನೊಂದನೆಯ ತರಗತಿ ಹುಡುಗರು ಅದೇ ಔಷಧಿಯನ್ನು ಶಾಲೆಯ ಪ್ರಯೋಗಾಲಯದಲ್ಲಿ ತಯಾರಿಸಿದರು. ಹಳೆಯ ವಿಧಾನಕ್ಕೆ ಅಪಾಯದ ರಾಸಾಯನಿಕ ಬೇಕಿತ್ತು. ಅವರು ಬೇರೆ ದಾರಿ ಹುಡುಕಿದರು. ಸಿಡ್ನಿ ವಿಶ್ವವಿದ್ಯಾಲಯದ ಆಲಿಸ್ ವಿಲಿಯಮ್ಸನ್, ಮ್ಯಾಥ್ಯೂ ಟಾಡ್ ಮಾರ್ಗದರ್ಶನ ಮಾಡಿದರು. ಪ್ರತಿ ಹೆಜ್ಜೆಯೂ ಅಂತರ್ಜಾಲದಲ್ಲಿ ತೆರೆದೇ ಇತ್ತು. ಯಾರು ಬೇಕಾದರೂ ನೋಡಿ ಸಲಹೆ ಕೊಡಬಹುದಿತ್ತು. ಕೊನೆಗೆ ಸುಮಾರು 20 ಡಾಲರ್ ಖರ್ಚಿನಲ್ಲಿ 3.7 ಗ್ರಾಂ ಔಷಧಿ ಕೈಗೆ ಬಂತು.

ನಮ್ಮಲ್ಲಿ ಪ್ರಾಕ್ಟಿಕಲ್ ರೆಕಾರ್ಡ್ ಎಂದರೆ ಅಂದವಾದ ಅಕ್ಷರ, ಎಲ್ಲರದೂ ಒಂದೇ ಉತ್ತರ. ಬಣ್ಣ ಬರದಿದ್ದರೂ ‘ಬಂತು’ ಎಂದು ಬರೆಯುವ ರೂಢಿ ಎಷ್ಟೋ ಕಡೆ ಇದೆ. ಆ ರೆಕಾರ್ಡಿನಿಂದ ಮುಂದಿನ ವರ್ಷದವರು ಕಲಿಯುವುದೇನು?

ನಮ್ಮ ಭಾಗದ ನಿಜವಾದ ಪ್ರಶ್ನೆ ಸವಳು-ಜವಳು. ಕಬ್ಬಿಗೆ ನೀರು ಹೆಚ್ಚಾಗಿ ಹಾಯಿಸಿ, ಅದು ಬಸಿದುಹೋಗದೆ ನಿಂತರೆ ಲವಣ ಮೇಲೆ ಬರುತ್ತದೆ, ಹೊಲ ಬೆಳ್ಳಗಾಗುತ್ತದೆ. ಹೊಲದ ಮಣ್ಣನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಪಿಎಚ್ ಕಾಗದ ಅದ್ದಿದರೆ ಕ್ಷಾರದ ಅಂದಾಜು ಸಿಗುತ್ತದೆ. 8.5 ದಾಟಿದರೆ ಎಚ್ಚರಾಗಬೇಕು. ಕೃಷಿ ಇಲಾಖೆಯಲ್ಲಿ ಪೂರ್ತಿ ಪರೀಕ್ಷೆ ಮಾಡಿಸಬೇಕು. ಲವಣ ಹೆಚ್ಚಿದ್ದರೂ ಪಿಎಚ್ ಏರದಿರಬಹುದು. ಆದ್ದರಿಂದ ಕಾಗದವೊಂದನ್ನೇ ನಂಬುವಂತಿಲ್ಲ.

ನನ್ನ ವಿನಂತಿ ಇಷ್ಟೇ. ನಮ್ಮ ಶಾಲೆಯಲ್ಲಿ ಒಂದು ದೊಡ್ಡ ಪುಸ್ತಕ ಇಡೋಣ. ಮಕ್ಕಳು ಒಪ್ಪಿಗೆ ಕೊಟ್ಟ ರೈತರ ಹೊಲದ ಮಣ್ಣು ತಂದು ಪರೀಕ್ಷಿಸಲಿ. ದಿನಾಂಕ, ವಿಧಾನ, ಬಂದ ಅಳತೆ, ಹೊಂದದ ಅಳತೆ ಎಲ್ಲವನ್ನೂ ಬರೆಯಲಿ. ಅಳಿಸುವುದು ಬೇಡ, ಗೆರೆ ಎಳೆದು ಕಾರಣ ಬರೆದರೆ ಸಾಕು. ರೈತರು ಬಂದು ಓದಲಿ, ಪ್ರಶ್ನೆ ಕೇಳಲಿ. ಹತ್ತು ವರ್ಷ ನಡೆದರೆ ಊರಿನ ಮಣ್ಣಿನ ಚರಿತ್ರೆಯೇ ಅಲ್ಲಿರುತ್ತದೆ. ಪುಸ್ತಕ, ಪಿಎಚ್ ಕಾಗದದ ಖರ್ಚು ನಮ್ಮ ಬ್ಯಾಚಿನದು.